ಮಳೆಗಾಲದ ವೇಳಾಪಟ್ಟಿ ಶುರುವಾಯಿತು: ನಿಮ್ಮೂರ ಸ್ಟೇಷನ್ನಿನಲ್ಲಿ ಮಳೆ ಹೇಗಿದೆ, ರೈಲು ಹೇಗಿದೆ?

ಶಿರವಾಡ ಪ್ಲಾಟ್‌ಫಾರ್ಮ್ (ಕಾರವಾರ):
ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಜಾರಿಗೆ ಬಂದಿದೆ. ಮೊದಲೆಲ್ಲ ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿತ್ತು. 2025ರಲ್ಲಿ ಅದನ್ನು ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಮಾಡಿದರು. ಬೇಸಿಗೆಯ ಸಮಯ ನೆನಪಿಟ್ಟುಕೊಂಡು ಸ್ಟೇಷನ್ನಿಗೆ ಬರಬೇಡಿ. ಕೆಲವು ರೈಲು ಮೊದಲೇ ಹೊರಡುತ್ತವೆ, ಕೆಲವು ತಡವಾಗಿ ಮುಟ್ಟುತ್ತವೆ. ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಇಲ್ಲಿ ರಾತ್ರಿಯಿಂದ ಬಿಟ್ಟೂಬಿಡದೆ ಹೊಯ್ಯುತ್ತಿದೆ. ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ದಡಕ್ಕೆ ಬಂದಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಗೊತ್ತಲ್ಲ. ಮಾರ್ಕೆಟ್ಟಿನಲ್ಲಿ ಒಣಮೀನಿನದ್ದೇ ದರ್ಬಾರು. ಕಾಳಿ ನದಿ ಕೆಂಪಾಗಿದೆ.

ಹೊಸಬರಿಗೆ ಒಂದು ಮಾತು. ಕಾರವಾರ ಸ್ಟೇಷನ್ ಇರುವುದು ಪೇಟೆಯಲ್ಲಲ್ಲ, ಒಳಗಡೆ ಶಿರವಾಡದಲ್ಲಿ. ರೈಲಿಳಿದ ಕೂಡಲೇ ಕಡಲು ಕಾಣುತ್ತದೆ ಅಂದುಕೊಂಡು ಬಂದವರಿಗೆ ಮೊದಲು ಕಾಣುವುದು ಗುಡ್ಡ. ಟಾಗೋರ್ ಕಡಲತೀರಕ್ಕೆ ರಿಕ್ಷಾ ಹಿಡಿಯಬೇಕು.

ನಿಮ್ಮ ಕಡೆ ಹೇಗಿದೆ? ಬರೆಯಿರಿ. ರೈಲು, ಮಳೆ, ಮನೆ ಸುದ್ದಿ, ಎಲ್ಲ ನಡೆಯುತ್ತದೆ.

ಬೆಂಗಳೂರು ಕಿಟಕಿ:
ನಮಸ್ಕಾರ. ನಮ್ಮ ತಾಯಿಯ ತವರು ಕುಮಟಾ. ಜುಲೈಯಲ್ಲಿ ಅಮ್ಮ ಮತ್ತು ಮಕ್ಕಳನ್ನು ಕರೆದುಕೊಂಡು ಬರುವ ಆಸೆ ಇದೆ. ಎರಡು ಪ್ರಶ್ನೆ. ಹಗಲು ರೈಲು ಒಳ್ಳೆಯದೋ, ರಾತ್ರಿಯ ಪಂಚಗಂಗಾ ಒಳ್ಳೆಯದೋ? ಇನ್ನೊಂದು, ಮಳೆಗಾಲದಲ್ಲಿ ಈ ಲೈನಿನ ರೈಲುಗಳು ಸಣ್ಣ ಸಣ್ಣ ಸ್ಟೇಷನ್ನಿನಲ್ಲಿ ಅಷ್ಟು ಹೊತ್ತು ನಿಲ್ಲುತ್ತವಲ್ಲ, ಯಾಕೆ? ಹಳಿಯಲ್ಲಿ ಏನಾದರೂ ತೊಂದರೆಯೇ? ಅಮ್ಮನಿಗೆ ಸುರಂಗ, ಸೇತುವೆ ಅಂದರೆ ಸ್ವಲ್ಪ ಹೆದರಿಕೆ. ಅವರಿಗೆ ಧೈರ್ಯ ಹೇಳಬೇಕು.

ಹೊನ್ನಾವರ ಲೂಪ್‌ಲೈನ್:
ತಂಗಿ, ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಅಪ್ಪ ಇದೇ ಹಳಿಯಲ್ಲಿ ಟ್ರ್ಯಾಕ್‌ಮನ್ ಆಗಿದ್ದವರು. ಮಳೆಗಾಲ ಅಂದರೆ ನಮ್ಮ ಮನೆಯಲ್ಲಿ ಅಪ್ಪನ ರಾತ್ರಿಪಾಳಿ.

ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಮಾರ್ಗ ಇದು. ಇದರಲ್ಲಿ ರೋಹಾ–ವೀರ್ ನಡುವಿನ ಸ್ವಲ್ಪ ಭಾಗ ಮಾತ್ರ 2021ರಲ್ಲಿ ಜೋಡಿ ಹಳಿ ಆಯಿತು. ನಮ್ಮ ಕಡೆ ಒಂದೇ ಹಳಿ. ಎದುರಿನಿಂದ ರೈಲು ಬರುತ್ತಿದ್ದರೆ ಒಂದು ರೈಲು ಸ್ಟೇಷನ್ನಿನ ಲೂಪ್ ಲೈನಿಗೆ, ಅಂದರೆ ಪಕ್ಕದ ಹಳಿಗೆ, ಹೋಗಿ ಕಾಯಲೇಬೇಕು. ಒಣ ದಿನಗಳಲ್ಲಿ ಈ ಕ್ರಾಸಿಂಗ್ ಬೇಗ ಮುಗಿಯುತ್ತದೆ. ಮಳೆಗಾಲದಲ್ಲಿ ಎಲ್ಲ ರೈಲೂ ನಿಧಾನ. ಒಂದು ತಡವಾದರೆ ಎದುರಿನದ್ದೂ ತಡ, ಅದರ ಹಿಂದಿನದ್ದೂ ತಡ. ನೀವು ಕಂಡ ನಿಲುಗಡೆಗಳಲ್ಲಿ ಹೆಚ್ಚಿನವು ಇದೇ ಇರಬೇಕು. ಹಳಿಯ ತೊಂದರೆ ಅಲ್ಲ.

ನಿಧಾನ ಯಾಕೆ ಅಂದರೆ ಗುಡ್ಡ. ಗುಡ್ಡ ಕೊರೆದು ಹಳಿ ಹಾಕಿದ ಕಟಿಂಗ್‌ಗಳು ದಾರಿಯುದ್ದಕ್ಕೂ ಇವೆ. ಜಂಬಿಟ್ಟಿಗೆ ಮಣ್ಣು ನೀರು ಕುಡಿದು ಭಾರವಾದರೆ ಜಾರುತ್ತದೆ. ಅದಕ್ಕೇ ಮಳೆಗಾಲದಲ್ಲಿ ವೇಗ ಇಳಿಸುತ್ತಾರೆ. ಜಡಿಮಳೆ ಬಂದು ಎದುರಿನದ್ದು ಕಾಣದೇ ಹೋದರೆ ಗಂಟೆಗೆ 40 ಕಿಲೋಮೀಟರ್‌ಗೆ ಇಳಿಸಬೇಕು ಅಂತ ಲೋಕೋ ಪೈಲಟ್‌ಗಳಿಗೆ ಸೂಚನೆ ಇದೆ. ಹಳಿಯ ಮೇಲೆ ಕಲ್ಲು ಬಿದ್ದಿದ್ದರೆ ಕಂಡಮೇಲೆ ಬ್ರೇಕ್ ಹಾಕಿ ನಿಲ್ಲಿಸಲು ಜಾಗ ಬೇಕಲ್ಲ.

ಇನ್ನು ರಾತ್ರಿಯ ಮಾತು. ನೀವು ಬೋಗಿಯಲ್ಲಿ ಮಲಗಿರುವಾಗ ಹೊರಗೆ ಒಬ್ಬರು ಹಳಿ ನೋಡುತ್ತ ನಡೆಯುತ್ತಿರುತ್ತಾರೆ. ಅಪಾಯ ಇರುವ ಜಾಗಗಳಲ್ಲಿ ದಿನದ 24 ಗಂಟೆಯೂ ಗಸ್ತು. ಕೈಯಲ್ಲಿ ದೀಪ, ಬಾವುಟ, ಚೀಲದಲ್ಲಿ ಡಿಟೊನೇಟರ್. ಹಳಿಯ ಮೇಲೆ ಮಣ್ಣು ಬಿದ್ದದ್ದು ಕಂಡರೆ ರೈಲು ಬರುವ ದಿಕ್ಕಿಗೆ ಓಡಿ ಡಿಟೊನೇಟರ್ ಕಟ್ಟಬೇಕು. ಗಾಲಿ ಅದರ ಮೇಲೆ ಹಾದರೆ ಢಂ ಅನ್ನುತ್ತದೆ, ಲೋಕೋ ಪೈಲಟ್ ನಿಲ್ಲಿಸುತ್ತಾರೆ. ಸರಾಸರಿ ಕಿಲೋಮೀಟರಿಗೆ ಒಂದರಂತೆ ತುರ್ತು ಫೋನಿನ ಸಾಕೆಟ್ ಇದೆ. ಅಲ್ಲಿಂದ ಸ್ಟೇಷನ್ನಿಗೆ ಮಾತಾಡಬಹುದು.

ಅಪ್ಪ ಮನೆಗೆ ಬಂದಾಗ ರೇನ್‌ಕೋಟಿನ ಒಳಗೂ ನೀರಿರುತ್ತಿತ್ತು. ಉಂಬಳ ಕಚ್ಚಿ ಕಾಲೆಲ್ಲ ರಕ್ತ. ಅಮ್ಮ ಬಚ್ಚಲೊಲೆಗೆ ಬೆಂಕಿ ಹಾಕಿ, ಬಿಸಿನೀರು ಕಾಯಿಸಿಟ್ಟು ಕಾಯುತ್ತಿದ್ದರು. ರೈಲು ತಡವಾಯಿತು ಅಂತ ಯಾರಾದರೂ ಸಿಟ್ಟು ಮಾಡಿದರೆ ನನಗೆ ಅದೇ ನೆನಪಾಗುತ್ತದೆ. ನಿಮ್ಮ ತಾಯಿಯವರಿಗೆ ಇದನ್ನೇ ಹೇಳಿ. ನಿಧಾನವಾಗಿ ಹೋಗುತ್ತಿದೆ ಅಂದರೆ ಯಾರೋ ಮೈಯೆಲ್ಲ ಕಣ್ಣಾಗಿ ಕಾಯುತ್ತಿದ್ದಾರೆ ಅಂತ ಅರ್ಥ.

ಬೆಂಗಳೂರು ಕಿಟಕಿ:
ಅಣ್ಣಾ, ಅಮ್ಮನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ನಿಮ್ಮ ತಂದೆ ಈಗ ಹೇಗಿದ್ದಾರೆ ಅಂತ ಕೇಳಿದರು.

ಹೊನ್ನಾವರ ಲೂಪ್‌ಲೈನ್:
ಚೆನ್ನಾಗಿದ್ದಾರೆ. ಮಂಡಿನೋವು ಒಂದಿದೆ. ಈಗಲೂ ಜೋರು ಮಳೆ ಬಂದರೆ ರಾತ್ರಿ ಎದ್ದು ಅಂಗಳದ ಕಡೆ ನೋಡುತ್ತಾರೆ. ಕೇಳಿದ್ದಕ್ಕೆ ನಿಮ್ಮ ತಾಯಿಯವರಿಗೆ ನಮಸ್ಕಾರ ತಿಳಿಸಿ.

ಸೇತುವೆಯ ಹೆದರಿಕೆಗೂ ಒಂದು ಮಾತು. ನಮ್ಮೂರ ಶರಾವತಿ ಸೇತುವೆ ಸುಮಾರು 2 ಕಿಲೋಮೀಟರ್ ಉದ್ದ, ಈ ಮಾರ್ಗದಲ್ಲೇ ಅತಿ ಉದ್ದದ್ದು. ಅದರ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರ ಇಟ್ಟಿದ್ದಾರೆ. ಗಾಳಿ ಮಿತಿ ಮೀರಿದರೆ ಸ್ಟೇಷನ್ನಿಗೆ ಗೊತ್ತಾಗುತ್ತದೆ, ರೈಲು ತಡೆಯುತ್ತಾರೆ. ಕಾರವಾರ, ಭಟ್ಕಳದಲ್ಲಿ ಮಳೆ ತಾನೇ ದಾಖಲಾಗುವ ಮಾಪಕಗಳೂ ಇವೆ.

ಅಂಕೋಲಾ ಅಕ್ಕೋರು:
ನಾನು ರೈಲು ಪ್ರೇಮಿ ಅಂತ ಹೇಳಿಕೊಳ್ಳುವವಳಲ್ಲ. ಇಂಜಿನ್ನಿನ ನಂಬರು ನನಗೆ ಗೊತ್ತಾಗುವುದಿಲ್ಲ. ಆದರೆ ಶಾಲೆಗೆ ಹೋಗಿ ಬರುವುದು ಪ್ಯಾಸೆಂಜರ್ ರೈಲಿನಲ್ಲೇ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬೋಗಿಯಲ್ಲಿ ಮಳೆಗಾಲ ಅಂದರೆ ಒದ್ದೆ ಕೊಡೆಗಳ ಸಾಲು. ಸೀಟಿನ ಕೆಳಗೆ ನೀರು ಹರಿಯುತ್ತಿರುತ್ತದೆ. ಮೇ ತಿಂಗಳಲ್ಲಿ ಇದೇ ಬೋಗಿಗೆ ಕರಿ ಇಷಾಡ ಮಾವಿನ ಬುಟ್ಟಿ ಬರುತ್ತಿತ್ತು. ಇಡೀ ಡಬ್ಬಿ ಘಮ್ ಅನ್ನುತ್ತಿತ್ತು. 2023ರಲ್ಲಿ ಆ ಹಣ್ಣಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ನಮ್ಮ ಬೋಗಿಯ ಮಾವು ಮಾರುವ ಹೆಂಗಸರಿಗೆ ಸಿಹಿ ಹಂಚಬೇಕು ಅನ್ನಿಸಿತ್ತು. ಮೊದಲ ಮಳೆ ಬಿದ್ದರೆ ಇಷಾಡದ ರುಚಿ ಮುಗಿಯಿತು. ಈಗ ಬುಟ್ಟಿಯಲ್ಲಿ ಬಸಳೆ, ಹರಿವೆ, ಕೆಸುವಿನ ಎಲೆ. ಒಬ್ಬರ ಹತ್ತಿರ ಕೆಸು ಕೊಂಡು ಸಂಜೆ ಪತ್ರೊಡೆ ಮಾಡಿದೆ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂತಲ್ಲ. ಗಂಗಾವಳಿಯ ಆಚೆ ದಡದ ಮನೆಗಳಿಗೂ ನೀರು ನುಗ್ಗಿತು. ನಮ್ಮ ಶಾಲೆಯ ಮಕ್ಕಳಿಗೆ ಆ ದಾರಿ ದಿನಾ ಓಡಾಡುವ ದಾರಿ. ರಸ್ತೆ ಬಂದ್ ಆದ ಮೇಲೆ ನಮಗೆ ರೈಲೇ ಗತಿಯಾಯಿತು. ಆ ವಾರಗಳಲ್ಲಿ ಬೋಗಿಯಲ್ಲಿ ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ. ಕಿಟಕಿಯಿಂದ ಗುಡ್ಡಗಳನ್ನು ನೋಡುತ್ತ ಕೂರುತ್ತಿದ್ದೆವು. ಹೊನ್ನಾವರದ ತಮ್ಮ ಹೇಳಿದ ಗಸ್ತಿನ ಮಾತು ನನಗೆ ಅದಕ್ಕೇ ತಾಗಿತು. ರಸ್ತೆಯ ಪಕ್ಕದ ಗುಡ್ಡಗಳಿಗೂ ಹಾಗೆ ಕಾಯುವ ಜನ ಇದ್ದಿದ್ದರೆ ಅನ್ನಿಸುತ್ತದೆ.

ಶಿರವಾಡ ಪ್ಲಾಟ್‌ಫಾರ್ಮ್:
ಅಕ್ಕೋರೇ, ನಿಜ. ಅದಾದ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ ನಮ್ಮಲ್ಲಿ ಕಾಳಿಯ ಹಳೆ ರಸ್ತೆ ಸೇತುವೆ ಬಿತ್ತು. ಒಂದು ಲಾರಿ ನೀರಿಗೆ ಹೋಯಿತು. ಚಾಲಕರನ್ನು ಬದುಕಿಸಿದ್ದು ಸ್ಥಳೀಯ ಮೀನುಗಾರರು. ರೈಲು ಸೇತುವೆ ಬೇರೆ, ಇನ್ನೂ ಒಳಗಡೆ ಇದೆ. ಆದರೂ ಆ ವಾರ ಅಸ್ನೋಟಿ ಕಡೆಯಿಂದ ರೈಲು ಬರುವ ಸದ್ದು ಕೇಳಿದರೆ ಸ್ಟೇಷನ್ನಿನಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದೆವು.

ರೈಲು ಹಳಿಯ ಪಕ್ಕದ ಗುಡ್ಡಗಳಿಗೆ ಮಾಡಿದ ಕೆಲಸ ನೋಡಬೇಕಿದ್ದರೆ ಹಗಲಲ್ಲಿ ಕಿಟಕಿ ಪಕ್ಕ ಕೂರಿ. ಕಲ್ಲು ಉರುಳದ ಹಾಗೆ ಕಬ್ಬಿಣದ ಬಲೆ ಹೊದೆಸಿದ್ದಾರೆ. ತಂತಿ ಬಲೆಯೊಳಗೆ ಕಲ್ಲು ತುಂಬಿ ಗೋಡೆ ಕಟ್ಟಿದ್ದಾರೆ. ಇಳಿಜಾರಿನ ಮಣ್ಣು ಹಿಡಿಯಲು ಲಾವಂಚ ನೆಟ್ಟ ಜಾಗಗಳೂ ಇವೆ. ಲಾವಂಚದ ಬೇರು ಕೆಳಗೆ ಬಹಳ ಆಳಕ್ಕೆ ಇಳಿಯುತ್ತದೆ. ನಮ್ಮಲ್ಲಿ ಅದರ ಬೇರನ್ನು ಕುಡಿಯುವ ನೀರಿಗೆ ಹಾಕುತ್ತಾರೆ, ಅಲ್ವಾ? ಅದೇ ಗಿಡ.

ಶಿರಸಿ ತೋಟ:
ನಮ್ಮೂರಿಗೆ ರೈಲಿಲ್ಲ. ಆದರೂ ಇಲ್ಲಿ ದಿನಾ ಬಂದು ಓದುತ್ತೇನೆ. ಶಿರಸಿಯವರಿಗೆ ರೈಲು ಬೇಕಿದ್ದರೆ ಮೂರು ದಾರಿ: ಘಟ್ಟ ಇಳಿದು ಕುಮಟಾ, ಈ ಕಡೆ ತಾಳಗುಪ್ಪ, ಆ ಕಡೆ ಹಾವೇರಿ. ತಾಳಗುಪ್ಪಕ್ಕೆ ಹಿಂದೆ ಮೀಟರ್ ಗೇಜಿನಲ್ಲಿ ರೈಲ್‌ಬಸ್ ಬರುತ್ತಿತ್ತು. ಬಸ್ಸಿನ ಮುಖ, ರೈಲಿನ ಗಾಲಿ. ಚಿಕ್ಕವನಿದ್ದಾಗ ಅಜ್ಜನ ಜೊತೆ ಅದನ್ನು ನೋಡಲೆಂದೇ ಹೋಗಿದ್ದೆ. 2011ರಲ್ಲಿ ಬ್ರಾಡ್‌ಗೇಜ್ ಬಂತು. ಈಗ ಅಲ್ಲಿಂದ ಬೆಂಗಳೂರಿಗೆ ಸೀದಾ ರೈಲಿದೆ. ತಾಳಗುಪ್ಪದಿಂದ ಹೊನ್ನಾವರಕ್ಕೆ ಜೋಡಿಸಿ ಅನ್ನುವ ಬೇಡಿಕೆ ಹಳೆಯದು. ನಡುವೆ ಶರಾವತಿ ಕಣಿವೆ ಇದೆ.

ಮಳೆ ಕೇಳಬೇಡಿ ಮಾರಾಯ್ರೆ. ತೋಟಕ್ಕೆ ಮದ್ದು ಹೊಡೆಯಲು ಒಂದು ಹೊಳವು ಸಿಗುತ್ತಿಲ್ಲ. ಬೋರ್ಡೋ ದ್ರಾವಣ ಕಲಸಿಟ್ಟರೆ ಮೋಡ ಕವಿಯುತ್ತದೆ. ಸರಿಯಾಗಿ ಹೊಡೆಯದಿದ್ದರೆ ಕೊಳೆ ಬಂದು ಎಳೆ ಅಡಿಕೆ ಉದುರಿ ನೆಲವೆಲ್ಲ ಹಸಿರಾಗುತ್ತದೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಮೂರು ದಿನದಿಂದ ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದಾರೆ. ಮರ ಜಾರುತ್ತದೆ, ಹತ್ತಿ ಅಂತ ಹೇಳಲು ನನಗೂ ಮನಸ್ಸಿಲ್ಲ.

ಒಂದು ವಿಷಯ ಇಲ್ಲೇ ಎತ್ತುತ್ತೇನೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಯೋಜನೆಯ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಏನು? ಶಿರಸಿಗೆ ಅದು ನೇರವಾಗಿ ಬರುವುದಿಲ್ಲ, ಆದರೆ ಯಲ್ಲಾಪುರಕ್ಕೆ ಬಂದರೆ ನಮಗೂ ಹತ್ತಿರ.

ಅಂಕೋಲಾ ಅಕ್ಕೋರು:
ನನಗೆ ಬೇಕು. ಯಾಕೆ ಅಂತ ಹೇಳುತ್ತೇನೆ. ನಮ್ಮಲ್ಲಿ ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ. ಮಣಿಪಾಲಕ್ಕೆ ಹೋಗುವವರಿಗೆ ಉಡುಪಿವರೆಗೆ ರೈಲಿದೆ. ಡಯಾಲಿಸಿಸ್‌ನವರು, ಕೀಮೋ ಮುಗಿಸಿ ಬರುವವರು ನನ್ನ ಬೋಗಿಯಲ್ಲೇ ಇರುತ್ತಾರೆ. ಮಲಗಲು ಸೀಟು ಬಿಟ್ಟುಕೊಡುತ್ತೇವೆ. ಹುಬ್ಬಳ್ಳಿಗೆ ಹೋಗುವವರಿಗೆ ಅರಬೈಲ್ ಘಟ್ಟ. ಆ ತಿರುವುಗಳಲ್ಲಿ ರೋಗಿಯನ್ನು ಕರೆದುಕೊಂಡು ಹೋದವರಿಗೆ ಮಾತ್ರ ಆ ಕಷ್ಟ ಗೊತ್ತು. 1990ರ ದಶಕದ ಕೊನೆಯಲ್ಲಿ ಮಂಜೂರಾದ ಮಾರ್ಗ ಇದು. ಅವತ್ತು ಹುಟ್ಟಿದ ಮಕ್ಕಳು ಈಗ ಕೆಲಸಕ್ಕೆ ಸೇರಿದ್ದಾರೆ.

ಜೋಯಿಡಾ ಕಾಡು:
ಅಕ್ಕಾ, ನಿಮ್ಮ ಮಾತಿಗೆ ಎದುರು ಹೇಳುವುದು ಕಷ್ಟ. ಆದರೂ ಹೇಳುತ್ತೇನೆ. ಸುಮಾರು 165 ಕಿಲೋಮೀಟರ್ ಮಾರ್ಗ, ಅದರ ದೊಡ್ಡ ಭಾಗ ದಟ್ಟ ಕಾಡು. ಮೊದಲು ಯೋಜನೆ ಮಾಡಿದ್ದೇ ಬಳ್ಳಾರಿ–ಹೊಸಪೇಟೆಯ ಅದಿರನ್ನು ಬಂದರಿಗೆ ತರಲು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು, ಆಮೇಲೆ ವಿಷಯ ಹೈಕೋರ್ಟಿಗೆ ಹೋಯಿತು. ರೋಗಿಗಳ ಹೆಸರಿನಲ್ಲಿ ಅದಿರಿನ ಗಾಡಿ ಬರುತ್ತದೆ ಅನ್ನುವುದು ನಮ್ಮ ಭಯ.

ನಾನು ರೈಲಿನ ವಿರೋಧಿ ಅಲ್ಲ. ನಮ್ಮ ತಾಲೂಕಿನಲ್ಲೇ ಕ್ಯಾಸಲ್‌ರಾಕ್ ಇದೆ. ಉತ್ತರ ಕನ್ನಡ ಜಿಲ್ಲೆಯ ರೈಲು ಅಂದರೆ ಎಲ್ಲರೂ ಕರಾವಳಿಯನ್ನೇ ನೆನೆಯುತ್ತಾರೆ. ಆದರೆ ನಮ್ಮ ಘಟ್ಟದ ಹಳಿ 1880ರ ದಶಕದ್ದು, ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂವರೆಗೆ 26 ಕಿಲೋಮೀಟರ್ ಇಳಿಜಾರು. 37 ಅಡಿ ಮುಂದೆ ಹೋದರೆ 1 ಅಡಿ ಇಳಿತ. ಕೊಂಕಣ ಮಾರ್ಗದಲ್ಲಿ ಅದು 150ಕ್ಕೆ 1. ಅದಕ್ಕೇ ನಮ್ಮಲ್ಲಿ ಹತ್ತುವ ಗಾಡಿಗೆ ಹಿಂದಿನಿಂದ ಬ್ಯಾಂಕರ್ ಇಂಜಿನ್ ಒತ್ತಿಕೊಡಬೇಕು. ಮಂಜಿನಲ್ಲಿ ಮುಂದಿನ ಇಂಜಿನ್ ಹೋಗಿ, ಬೋಗಿಗಳೆಲ್ಲ ಹೋಗಿ, ಕೊನೆಗೆ ಬ್ಯಾಂಕರ್‌ಗಳ ಗುಡುಗು ಎದೆಗೆ ಬಡಿಯುತ್ತದೆ. ಆ ಸದ್ದಿಗೆ ನಾನು ಬೆಳೆದಿದ್ದೇನೆ. ಅದೇ ಕಾಡಿನಲ್ಲಿ ಬೆಳೆದಿದ್ದರಿಂದಲೇ ಇನ್ನೊಂದು ಸೀಳು ಬೇಡ ಅನ್ನುತ್ತಿದ್ದೇನೆ.

ಇರುವ ಹಳಿ ಚೆನ್ನಾಗಿ ಬಳಸಲಿ. ಅಂಬೇವಾಡಿ–ಅಳ್ನಾವರ ಹಳಿ ದಾಂಡೇಲಿಯ ಕಾಡಿನ ಮರ ಸಾಗಿಸಿದ ಹಳಿ. 2019ರ ನವೆಂಬರ್‌ನಲ್ಲಿ ಅದರ ಮೇಲೆ ಮತ್ತೆ ಪ್ಯಾಸೆಂಜರ್ ಓಡಿತು, ಧಾರವಾಡಕ್ಕೆ. ಇದ್ದ ಹಳಿಯ ಮೇಲೇ ಆ ಕೆಲಸ ಆಯಿತು.

ಅಂಕೋಲಾ ಅಕ್ಕೋರು:
ತಮ್ಮಾ, ಕಾಡು ನನಗೂ ಬೇಕು. ಶಿರೂರು ನೋಡಿದ ಮೇಲೆ ಗುಡ್ಡ ಕೊರೆಯುವುದು ಅಂದರೆ ಕೈಕಾಲು ನಡುಗುತ್ತದೆ. ಆದರೆ ರೋಗಿಗೆ ಏನು ಉತ್ತರ? ನಮ್ಮ ಜಿಲ್ಲೆಗೇ ದೊಡ್ಡ ಆಸ್ಪತ್ರೆ ಬಂದರೆ ನಾನು ಹುಬ್ಬಳ್ಳಿ ರೈಲು ಕೇಳುವುದಿಲ್ಲ.

ಜೋಯಿಡಾ ಕಾಡು:
ಆಸ್ಪತ್ರೆಗೆ ನಾನೂ ನಿಮ್ಮ ಜೊತೆ ಬಂದು ಕೂರುತ್ತೇನೆ ಅಕ್ಕಾ. ನಮ್ಮ ಜೋಯಿಡಾದವರಿಗೆ ಅದು ನಿಮಗಿಂತ ಜಾಸ್ತಿ ಬೇಕು.

ಶಿರವಾಡ ಪ್ಲಾಟ್‌ಫಾರ್ಮ್:
ನನ್ನ ಅಭಿಪ್ರಾಯ: ಮೊದಲು ಇರುವ ಒಂಟಿ ಹಳಿಯ ಮೇಲಿನ ಒತ್ತಡ ತಗ್ಗಲಿ. ಮಿರ್ಜಾನ್‌ನಲ್ಲಿ ಕ್ರಾಸಿಂಗ್ ಮಾಡಿದ ಹಾಗೆ ಇನ್ನಷ್ಟು ಕಡೆ ಮಾಡಲಿ. ಪ್ಯಾಸೆಂಜರ್ ರೈಲುಗಳು ಜಾಸ್ತಿಯಾಗಲಿ. 2022ಕ್ಕೆ ಇಡೀ ಮಾರ್ಗಕ್ಕೆ ವಿದ್ಯುತ್ ಬಂತು, 2023ರ ಡಿಸೆಂಬರ್ 30ರಂದು ಮಂಗಳೂರು–ಮಡಗಾಂವ್ ವಂದೇ ಭಾರತ್ ಬಂತು. ಸಂತೋಷ. ಆದರೆ ಹಾರವಾಡದ ಪ್ಲಾಟ್‌ಫಾರ್ಮಿನಲ್ಲಿ ಕೊಡೆ ಹಿಡಿದು ನಿಂತ ಕಾಲೇಜು ಹುಡುಗಿಗೆ ಅದು ನಿಲ್ಲುವುದಿಲ್ಲ.

ಕುಮಟಾ ಟು ಕುರ್ಲಾ:
ಮುಂಬೈಯಿಂದ ಬರೆಯುತ್ತಿದ್ದೇನೆ. ಇಲ್ಲೂ ಮಳೆ, ಲೋಕಲ್‌ಗಳು ತೆವಳುತ್ತಿವೆ.

ನನಗೆ ಮತ್ಸ್ಯಗಂಧ ಅಂದರೆ ಮನೆಯವರ ಹಾಗೆ. 1998ರ ಮೇ 1ರಂದು ಅದು ಶುರುವಾದಾಗ ನಮ್ಮ ಕೇರಿಯಲ್ಲಿ ಹಬ್ಬ. ಅದಕ್ಕಿಂತ ಮೊದಲು ಮುಂಬೈ ಅಂದರೆ ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿದು, ವಾಂತಿ ಮಾಡಿಕೊಂಡು, ಹಣ್ಣಾಗಿ ಮುಟ್ಟುವುದು. ಹೋಟೆಲ್ ಕೆಲಸಕ್ಕೆ ಬಂದ ನಮ್ಮ ದೊಡ್ಡಪ್ಪ ಊರಿಗೆ ಹೋಗುತ್ತಿದ್ದುದೇ ಅಪರೂಪ. ರೈಲು ಬಂದ ಮೇಲೆ ಚೌತಿಗೆ, ದೀಪಾವಳಿಗೆ ಬರತೊಡಗಿದರು. ಅಜ್ಜಿಯ ಕೊನೆಯ ದಿನಗಳಲ್ಲಿ ಪಕ್ಕದಲ್ಲೇ ಇದ್ದರು. 2025ರ ಫೆಬ್ರವರಿಯಲ್ಲಿ ಅದಕ್ಕೆ ಎಲ್‌ಎಚ್‌ಬಿ ಅನ್ನುವ ಹೊಸ ಮಾದರಿಯ ಬೋಗಿಗಳು ಬಂದವು. ಕುಲುಕಾಟ ಕಡಿಮೆಯಾಗಿದೆ.

ಬೆಳಗಿನ ಜಾವ ಕಾರವಾರ ದಾಟಿದ ಮೇಲೆ ನಿದ್ದೆ ಬರುವುದಿಲ್ಲ. ಕಾರವಾರದ ಸುಮಾರು 3 ಕಿಲೋಮೀಟರಿನ ಸುರಂಗ ಮುಗಿದು ಹೊರಗೆ ಬಂದರೆ ಮಣ್ಣಿನ ವಾಸನೆ ಬೇರೆ. ಬಾಗಿಲ ಹತ್ತಿರ ನಮ್ಮವರೇ ಸೇರಿರುತ್ತಾರೆ. ಯಾರಿಗೆ ಅಂಕೋಲಾ, ಯಾರಿಗೆ ಗೋಕರ್ಣ ರೋಡ್ ಅಂತ ವಿಚಾರಣೆ. ವಾಪಸ್ ಹೋಗುವಾಗ ಚೀಲದಲ್ಲಿ ಜಡೆ ಹೆಣೆದ ಕುಮಟಾ ಸಿಹಿ ಈರುಳ್ಳಿ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. ಡಬ್ಬ ಸೋರದಂತೆ ಅಮ್ಮ ಎರಡು ಪ್ಲಾಸ್ಟಿಕ್ ಸುತ್ತಿ ಕೊಡುತ್ತಾರೆ.

2024ರ ಜುಲೈಯಲ್ಲಿ ಗೋವಾದ ಪೆರ್ನೆಂ ಸುರಂಗದಲ್ಲಿ ನೀರು ಉಕ್ಕಿ ರೈಲುಗಳನ್ನು ಬೇರೆ ದಾರಿಯಲ್ಲಿ ತಿರುಗಿಸಿದ್ದರು. ಹಾಗಾಗಿ ಜುಲೈಯಲ್ಲಿ ಬರುವವರು ಮದುವೆ, ಪರೀಕ್ಷೆ ಇದ್ದರೆ ಒಂದು ದಿನ ಮೊದಲೇ ಹೊರಡಿ.

ಬೆಂಗಳೂರು ಕಿಟಕಿ:
ಇದನ್ನೆಲ್ಲ ಓದಿ ಈಗ ಅಮ್ಮನೇ ಹೊರಡೋಣ ಅನ್ನುತ್ತಿದ್ದಾರೆ. ಹಗಲು ರೈಲೋ, ರಾತ್ರಿ ರೈಲೋ ಹೇಳಿ. ಕಡಲು ಯಾವ ಕಡೆ ಕಾಣುತ್ತದೆ?

ಶಿರವಾಡ ಪ್ಲಾಟ್‌ಫಾರ್ಮ್:
ಮಕ್ಕಳಿಗೆ ತೋರಿಸುವುದಿದ್ದರೆ ಯಶವಂತಪುರ–ಕಾರವಾರ ಹಗಲು ರೈಲು. ವಾರದಲ್ಲಿ ಎಲ್ಲ ದಿನ ಇಲ್ಲ, ನೋಡಿಕೊಳ್ಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗ. ಮಕ್ಕಳಿಗೆ ಎಣಿಸಲು ಹೇಳಿ. ಮಳೆಗಾಲದಲ್ಲಿ ಪ್ರತಿ ಸುರಂಗದ ಬಾಯಲ್ಲೂ ಒಂದೊಂದು ಜಲಪಾತ. ಆದರೆ ಇಡೀ ದಿನದ ಪ್ರಯಾಣ. ಕುಮಟಾ ಮುಟ್ಟುವಾಗ ಕತ್ತಲಾಗುತ್ತ ಬಂದಿರುತ್ತದೆ. ನಿಮ್ಮ ತಾಯಿಯವರಿಗೆ ಅಷ್ಟು ಹೊತ್ತು ಕೂರಲು ಆಗದಿದ್ದರೆ ಪಂಚಗಂಗಾದಲ್ಲಿ ಮಲಗಿ ಬನ್ನಿ. ಘಟ್ಟ ಕತ್ತಲಲ್ಲಿ ಹೋಗುತ್ತದೆ, ಕರಾವಳಿ ಬೆಳಗಿನಲ್ಲಿ ಸಿಗುತ್ತದೆ. ನನಗೆ ಕೇಳಿದರೆ ಹೋಗುವಾಗ ರಾತ್ರಿ, ವಾಪಸ್ ಬರುವಾಗ ಹಗಲು.

ಕಡಲು ಉತ್ತರಕ್ಕೆ ಬರುವಾಗ ಎಡಗಡೆ ಇರುತ್ತದೆ. ಆದರೆ ಕಾಣುವುದು ಕಡಿಮೆ, ಹಳಿ ಒಳಗಡೆ ಇದೆ. ನೋಡಬೇಕಾದ್ದು ಹೊಳೆಗಳನ್ನು. ಮಂಕಿ ದಾಟಿದ ಮೇಲೆ ಶರಾವತಿ. ಕುಮಟಾದಲ್ಲಿ ಇಳಿಯದೆ ಮುಂದೆ ಬಂದರೆ ಮಿರ್ಜಾನ್‌ಗೆ ಮೊದಲು ಅಘನಾಶಿನಿ, ಅಂಕೋಲಾಕ್ಕೆ ಮೊದಲು ಗಂಗಾವಳಿ, ಕಾರವಾರ ದಾಟಿದ ಮೇಲೆ ಕಾಳಿ. ಒಂದು ದಿನ ಮಕ್ಕಳನ್ನು ಪ್ಯಾಸೆಂಜರ್‌ನಲ್ಲಿ ಕುಮಟಾದಿಂದ ಅಸ್ನೋಟಿವರೆಗೆ ಕರೆದುಕೊಂಡು ಬನ್ನಿ. ಕಡಿಮೆ ದುಡ್ಡಿನಲ್ಲಿ ಮೂರು ಹೊಳೆ ಆಗುತ್ತದೆ.

ಹೊನ್ನಾವರ ಲೂಪ್‌ಲೈನ್:
ಒಂದೇ ಒಂದು ಮನವಿ. ಫೋಟೋ, ವಿಡಿಯೋ ಅಂತ ಬಾಗಿಲಲ್ಲಿ ನೇತಾಡಬೇಡಿ, ಹಳಿಗೆ ಇಳಿಯಬೇಡಿ. ಜೋಯಿಡಾದವರು ಹೇಳಲಿಲ್ಲ, ನಾನು ಹೇಳುತ್ತೇನೆ: ದೂಧಸಾಗರಕ್ಕೆ ಹಳಿಯ ಮೇಲೆ ನಡೆದು ಹೋಗುವುದು ನಿಷೇಧ. ಮಳೆಯ ಸದ್ದಿನಲ್ಲಿ ಹಿಂದಿನಿಂದ ಬರುವ ಗಾಡಿ ಕೇಳುವುದೇ ಇಲ್ಲ. ಕೆಲಸ ಗೊತ್ತಿರುವ ಗಸ್ತಿನವರೇ ಕಿವಿ ನೆಟ್ಟಗೆ ಮಾಡಿಕೊಂಡು ನಡೆಯುತ್ತಾರೆ.

ಬೆಂಗಳೂರು ಕಿಟಕಿ:
ಖಂಡಿತ ಅಣ್ಣಾ. ಕೊನೆಯದಾಗಿ, ಕುಮಟಾದಿಂದ ಒಂದು ದಿನ ಶಿರಸಿಗೆ ಹೋಗಿ ಮಾರಿಕಾಂಬೆ ದರ್ಶನ ಮಾಡಬೇಕು ಅಂತ ಅಮ್ಮನ ಆಸೆ. ಮಳೆಯಲ್ಲಿ ಘಟ್ಟ ಹತ್ತಬಹುದಾ?

ಶಿರಸಿ ತೋಟ:
ದೇವಿಮನೆ ಘಟ್ಟ ಹತ್ತಿರದ ದಾರಿ. ಆದರೆ ಮಳೆಗಾಲದಲ್ಲಿ ಮಣ್ಣು ಬಿದ್ದು ಬಂದ್ ಆಗುವುದಿದೆ. ಹೊರಡುವ ದಿನ ಬೆಳಿಗ್ಗೆ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿ. ಬಂದ್ ಇದ್ದರೆ ಹೊನ್ನಾವರಕ್ಕೆ ಹೋಗಿ, ಗೇರುಸೊಪ್ಪೆ ಮೇಲೆ ಮಾವಿನಗುಂಡಿ, ಅಲ್ಲಿಂದ ಸಿದ್ದಾಪುರ, ಶಿರಸಿ. ಸುತ್ತಾಗುತ್ತದೆ. ಆದರೆ ಜೋಗ ಅಲ್ಲೇ ಹತ್ತಿರ, ಮಕ್ಕಳು ನೋಡಿದ ಹಾಗಾಯಿತು. ಬೆಳಿಗ್ಗೆ ಬೇಗ ಹೊರಟು ಕತ್ತಲಾಗುವ ಮೊದಲು ಘಟ್ಟ ಇಳಿಯಿರಿ. ತಾಯಿಯವರಿಗೆ ಬೆಚ್ಚಗಿನ ಶಾಲು ಇರಲಿ, ಘಟ್ಟದ ಮೇಲೆ ಈಗ ಥಂಡಿ. ದೇವಸ್ಥಾನದ ಪೇಟೆಯಲ್ಲಿ ತೊಡೆದೇವು ಸಿಗುತ್ತದೆ, ಮುರಿಯದ ಹಾಗೆ ಡಬ್ಬಿಯಲ್ಲಿ ಹಾಕಿಸಿಕೊಳ್ಳಿ.